ಹೆಸರು ಹೇಳಬಾರದ ಆಸ್ಪತ್ರೆ

ಬರ್ಲಿನ್
6 ಮಾರ್ಚ್ 2011

ಲುವಾ ಅಕ್ಕಾ,

ಮೊನ್ನೆ ಫೋನಿನಲ್ಲಿ ನಾವಿಬ್ಬರೂ ಕಿರುಚಿಕೊಂಡದ್ದು ಬಿಟ್ಟರೆ ಮಾತೇ ಆಡಲಿಲ್ಲ. "ಚೆನ್ನಾಗಿದ್ದೀಯಾ?" "ಚೆನ್ನಾಗಿದ್ದೀನಿ, ನೀನು?" "ನಾನೂ ಚೆನ್ನಾಗಿದ್ದೀನಿ!" ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರು, ನನ್ನ ಗಂಡ ತ್ವಾನ್ ನನ್ನ ಮುಖ ನೋಡಿದ, ಇಟ್ಟುಬಿಟ್ಟೆ. ಅದಕ್ಕೇ ಹಳೆಯ ಕಾಲದ ಹಾಗೆ ಕಾಗದಕ್ಕೆ ಕೂತಿದ್ದೇನೆ. ನಿನಗೆ ಬರೆಯುವಾಗ ಮಾತ್ರ ನನ್ನ ಕೈಗೆ ನನ್ನದೇ ಭಾಷೆ ಸರಿಯಾಗಿ ಬರುತ್ತದೆ.

ನಾನು ಚೆನ್ನಾಗಿಲ್ಲ ಅಕ್ಕಾ.

ಪ್ರೇಮಿಗಳ ದಿನ ಹತ್ತಿರ ಬಂದಿತ್ತು. ವರ್ಷದಲ್ಲಿ ನಮಗೆ ಉಸಿರಾಡಲೂ ಬಿಡುವಿಲ್ಲದ ಸಮಯ ಅದು. ಬೆಳಗ್ಗೆ ಹೂವಿನ ಸಗಟು ಮಾರುಕಟ್ಟೆಗೆ ಒಬ್ಬಳೇ ಹೋಗಿದ್ದೆ. ಕೆಂಪು ಟುಲಿಪ್ ತುಂಬಿದ ಬಕೆಟ್ಟುಗಳ ಮುಂದೆ ತಳ್ಳುಗಾಡಿ ನಿಲ್ಲಿಸಿದೆ. ಏನು ಕೊಳ್ಳಲು ಬಂದೆ ಎಂಬುದು ಮರೆತುಹೋಯಿತು. ಮರೆತದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕಾಲು ಎತ್ತಿಡಲು ಆಗಲಿಲ್ಲ. ಹಿಂದೆ ಗಾಡಿಗಳು ಸಾಲುಗಟ್ಟಿದವು, ಜನ ಬೈದರು, ಯಾರೋ ಭುಜ ಅಲುಗಿಸಿದರು. ನನಗೆ ಎಲ್ಲ ಕೇಳಿಸುತ್ತಿತ್ತು, ನೀರಿನೊಳಗೆ ಕೂತವಳಿಗೆ ದಡದ ಮಾತು ಕೇಳಿಸುವ ಹಾಗೆ. ಕೊನೆಗೆ ಒಬ್ಬ ತುರ್ಕಿ ವ್ಯಾಪಾರಿ ತನ್ನ ವ್ಯಾನಿನಲ್ಲಿ ಕೂರಿಸಿಕೊಂಡು ಅಂಗಡಿಗೆ ತಂದು ಬಿಟ್ಟ.

"ಬ್ಲಡ್ ಪ್ರೆಷರ್ರು," ಎಂದು ತ್ವಾನ್ ಎಲ್ಲರಿಗೂ ಹೇಳಿದ್ದಾನೆ. ಹೇಳಿ ಹೇಳಿ ಅವನೇ ನಂಬಿಬಿಟ್ಟಿದ್ದಾನೆ.

ಆಮೇಲೆ ಹೃದಯ ನೋಡಿದರು, ತಲೆ ನೋಡಿದರು, ರಕ್ತ ನೋಡಿದರು. ಎಲ್ಲ ಸರಿ ಇದೆಯಂತೆ. ನನಗೆ ಮಾತ್ರ ನಿದ್ದೆಯಿಲ್ಲ, ಎದೆಯ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟಂತಿದೆ. ನಮ್ಮ ಬೀದಿಯ ಡಾಕ್ಟರು ಒಬ್ಬ ಜರ್ಮನ್ ಮುದುಕಿ, ಒಳ್ಳೆಯವಳೇ. ಅವಳು ಕನ್ನಡಕ ತೆಗೆದಿಟ್ಟು ಹೇಳಿದಳು: "ನಿಮಗಿರೋದು ದುಃಖ. ಮನಸ್ಸಿನ ಡಾಕ್ಟರ ಹತ್ರ ಹೋಗಿ." ದುಃಖಕ್ಕೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರಾ? ನಾನು ಎದ್ದು ಬಂದೆ. ನನಗೆ ಬಂದ ಸಿಟ್ಟು ಹೇಳತೀರದು. ನಾನೇನು ಹುಚ್ಚಿಯಾ?

ನಿಮ್ಮ ಬೀದಿಯ ಆ ನಾಟಿ ವೈದ್ಯರ ಬೇರಿನ ಪುಡಿ ಸಿಕ್ಕರೆ ಕಳಿಸು. ನಿನ್ನ ಮಗನನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿಯಂಥವಳು,
ಮಿಯೆನ್


ನಾಮ್ ದಿನ್ಹ್
2 ಏಪ್ರಿಲ್ 2011

ನನ್ನ ಹತ್ತಿ,

ನಾವು ಜರ್ಮನಿಯಲ್ಲಿ ಕೆಲಸಕ್ಕಿದ್ದಾಗ ಹಾಸ್ಟೆಲ್ಲಿನ ಹುಡುಗಿಯರು ನಮ್ಮನ್ನು ಹಾಗೆ ಕೂಗುತ್ತಿದ್ದದ್ದು ನೆನಪಿದೆಯಾ? ಮಿಯೆನ್ ಎಂದರೆ ಹತ್ತಿ, ಲುವಾ ಎಂದರೆ ರೇಷ್ಮೆ. ಹೊಲಿಗೆ ಕಾರ್ಖಾನೆಗೆ ಹೇಳಿ ಮಾಡಿಸಿದ ಜೋಡಿ ಎಂದು. ಹತ್ತಿಯನ್ನು ಎಷ್ಟು ಒಗೆದರೂ ತಾಳಿಕೊಳ್ಳುತ್ತದೆ ಎಂದು ನಾನು ತಿಳಿದಿದ್ದೆ.

ನಿನ್ನ ಕಾಗದ ಓದಿ ಮೊದಲು ನಗು ಬಂತು. ಟುಲಿಪ್ ಮುಂದೆ ನಿಂತ ನೀನು ಹೇಗೆ ಕಾಣುತ್ತಿದ್ದೆ ಎಂದು ನನಗೆ ಗೊತ್ತು: ಮೊದಲ ಸಲ ಹಿಮ ಬಿದ್ದಾಗ ಕಾರ್ಖಾನೆಯ ಅಂಗಳದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದೆಯಲ್ಲ, ಹಾಗೆ. ಎರಡನೆಯ ಸಲ ಓದಿದಾಗ ನಗು ಬರಲಿಲ್ಲ.

ಪುಡಿ ಕಳಿಸಿದ್ದೇನೆ, ಜೊತೆಗೆ ಹಸಿರು ಎಣ್ಣೆಯ ಸೀಸೆ. ಪುಡಿಯನ್ನು ಕುದಿಸಿ ಕುಡಿ. ವಾಸನೆಗೆ ನಿನ್ನ ಗಿರಾಕಿಗಳು ಓಡಿಹೋದರೆ ನಾನು ಜವಾಬ್ದಾರಳಲ್ಲ. ಬೆಳಗ್ಗೆ ಸ್ವಲ್ಪ ನಡೆ. ಏನಾದರೂ ಹೊಟ್ಟೆಗೆ ಹಾಕಿಕೊಳ್ಳದೆ ಅಂಗಡಿ ತೆರೆಯಬೇಡ.

ಇಲ್ಲಿ ಒಂದು ಸಂತೋಷದ ಸುದ್ದಿ. ನನ್ನ ಮಗ ಬಾಕ್ ಒಂದು ಹುಡುಗಿಯನ್ನು ಮನೆಗೆ ಕರೆತಂದಿದ್ದ. ಹೆಸರು ಥೋಮ್. ಹಾಯ್ ಫಾಂಗ್‌ನಲ್ಲಿ ಅವನು ಕೆಲಸ ಮಾಡುವ ಕಡೆಯೇ ಲೆಕ್ಕ ಬರೆಯುತ್ತಾಳೆ. ಮೀನಿನ ಮುಳ್ಳು ತೆಗೆದು ಮೊದಲು ನನ್ನ ಬಟ್ಟಲಿಗೆ ಹಾಕಿದಳು. ಮನೆತನ ದೊಡ್ಡದು, ಅಪ್ಪ ನಿವೃತ್ತ ಮೇಷ್ಟ್ರು, ತಾಯಿ ಬಹಳ ವಿಚಾರಿಸುವವಳು ಎಂದು ಕೇಳಿದ್ದೇನೆ. ನೋಡೋಣ.

ಆ ಜರ್ಮನ್ ಡಾಕ್ಟರು ಹೇಳಿದ ಮಾತಿನ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಸಮವಸ್ತ್ರ ಹೊಲಿಯುವುದು ರಾಶಿ ಬಿದ್ದಿದೆ, ನಿಲ್ಲಿಸುತ್ತೇನೆ.

ಲುವಾ


ಬರ್ಲಿನ್
15 ಮೇ 2011

ಅಕ್ಕಾ,

ಪುಡಿ ಕುಡಿದೆ. ಪಗೋಡಕ್ಕೆ ಹೋಗಿ ಹಣ್ಣಿಟ್ಟು ಬಂದೆ. ತ್ವಾನ್ ನನ್ನ ಬೆನ್ನಿಗೆ ಹಸಿರು ಎಣ್ಣೆ ಸವರಿ, ನಮ್ಮೂರ ಮನೆಮದ್ದಿನ ಹಾಗೆ ಚಮಚದಿಂದ ಕೆರೆದು ಕೆರೆದು ಕೆಟ್ಟ ಗಾಳಿ ತೆಗೆದ. "ನೋಡು, ಎಷ್ಟು ಕೆಂಪಗೆ ಎದ್ದಿದೆ! ಎಲ್ಲ ಗಾಳಿನೇ!" ಎಂದು ಹೆಮ್ಮೆಪಟ್ಟ. ಆ ಕ್ಷಣಕ್ಕೆ ಹಾಯೆನಿಸಿತು. ಗಾಳಿ ಹೋಗಿದ್ದಕ್ಕಲ್ಲ. ಅವನ ಕೈ ಅಷ್ಟು ಹೊತ್ತು ನನ್ನ ಬೆನ್ನ ಮೇಲಿದ್ದುದಕ್ಕೆ.

ಆದರೆ ಮೂಟೆ ಇಳಿದಿಲ್ಲ. ಗುಲಾಬಿಯ ಮುಳ್ಳು ಸವರುತ್ತ ಕೂತವಳು ಹಾಗೇ ಕೂತುಬಿಡುತ್ತೇನೆ. ಅಳುವೂ ಬರುವುದಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಉಯೆನ್ ಬಾಯಿ ಬಿಟ್ಟಳು. ಅವಳು ಈಗ ನನಗಿಂತ ಎತ್ತರ, ಶಾಲೆಯಲ್ಲಿ ಕಲಿಯುವುದನ್ನೆಲ್ಲ ಮನೆಯಲ್ಲಿ ಹೇಳುವ ವಯಸ್ಸು.

"ಅಮ್ಮ, ಒಂದ್ ಆಸ್ಪತ್ರೆ ಇದೆ. ಅಲ್ಲಿ ಮನಸ್ಸಿನ ಡಾಕ್ಟರು ನಮ್ ಭಾಷೇಲೇ ಮಾತಾಡ್ತಾರಂತೆ. ನಾನು ಫೋನ್ ಮಾಡಿ ಕೇಳಿದೀನಿ."

ತ್ವಾನ್ ಚಾಪ್‌ಸ್ಟಿಕ್ಕು ಕೆಳಗಿಟ್ಟ. "ನಮ್ ಭಾಷೇಲಾ? ಇನ್ನೂ ಚೆನ್ನಾಯ್ತು. ಸಂಜೆಯೊಳಗೆ ಇಡೀ ಮಾರ್ಕೆಟ್ಟಿಗೆ ಗೊತ್ತಾಗುತ್ತೆ."

"ಅಪ್ಪ, ಅವ್ರು ಯಾರಿಗೂ ಹೇಳಂಗಿಲ್ಲ. ಕಾನೂನಿದೆ."

"ಕಾನೂನು ಜರ್ಮನ್ನರಿಗೆ ಕಣಮ್ಮ. ನಮ್ಮೋರ ಬಾಯಿಗೆ ಯಾವ್ ಕಾನೂನು? ಹೂವಿನಂಗಡಿ ಮಿಯೆನ್‌ಗೆ ತಲೆ ಕೆಟ್ಟಿದೆ ಅಂತ ಒಂದ್ಸಲ ಆಯ್ತು ಅಂದ್ರೆ, ನಿನ್ನ ಯಾರು ಮದ್ವೆ ಆಗ್ತಾರೆ?"

"ನಂಗಿನ್ನೂ ಹದಿನಾರು!"

"ಮಾತಿಗೆ ವಯಸ್ಸಾಗಲ್ಲ. ಕಾಯ್ತಾ ಇರುತ್ತೆ."

ಹುಡುಗಿ ಅನ್ನ ಬಿಟ್ಟು ಎದ್ದು ಹೋದಳು. ನನಗೆ ಅವಳ ಮೇಲೆ ಕನಿಕರ, ಆದರೆ ತ್ವಾನ್ ಹೇಳಿದ್ದೇ ಸರಿ ಎನಿಸಿತು. ನಮ್ಮ ಹಳ್ಳಿಯಲ್ಲಿ ಒಬ್ಬ ಹುಚ್ಚಿ ಇದ್ದಳು, ನಿನಗೆ ಹೇಳಿದ್ದೆ. ಹಿತ್ತಲಿನ ಗುಡಿಸಲಿನಲ್ಲಿ ಕಟ್ಟಿಹಾಕುತ್ತಿದ್ದರು, ನಾವು ಮಕ್ಕಳು ಬೇಲಿಯ ಸಂದಿಯಿಂದ ಇಣುಕುತ್ತಿದ್ದೆವು. ಅವಳ ತಂಗಿಯರಿಗೆ ಕೊನೆಗೂ ಗಂಡು ಸಿಗಲಿಲ್ಲ. ಆಮೇಲೆ ಅವಳನ್ನು ಜಿಲ್ಲೆಯ ಹುಚ್ಚಾಸ್ಪತ್ರೆಗೆ ಹಾಕಿದರು. ಅಂಥ ಕಡೆ ಕಾಲಿಡುವುದಕ್ಕಿಂತ ಸಾಯುವುದು ಮೇಲು. ಅಲ್ಲಿಗೆ ಹೋದವರು ಮನುಷ್ಯರಾಗಿ ಉಳಿಯುತ್ತಾರಾ?

ನೀನೇ ಹೇಳು ಅಕ್ಕಾ. ಆ ಥೋಮ್‌ಳ ತಾಯಿ ಅಂಥ ಜಾಗದಲ್ಲಿದ್ದು ಬಂದವಳು ಎಂದು ಗೊತ್ತಾದರೆ, ಆ ಮನೆಯ ಹೆಣ್ಣನ್ನು ನಿನ್ನ ಬಾಕ್‌ಗೆ ತಂದುಕೊಳ್ಳುತ್ತೀಯಾ?

ಮಿಯೆನ್


ಬರ್ಲಿನ್
20 ಜುಲೈ 2011

ಅಕ್ಕಾ,

ನನ್ನ ಕಾಗದ ತಲುಪಿತೇ? ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿನ್ನ ಅತ್ತಿಗೆ ಥಿನ್ ಎತ್ತಿಕೊಂಡು "ಮಾರುಕಟ್ಟೆಗೆ ಹೋಗಿದ್ದಾಳೆ" ಎಂದಳು. ಇಷ್ಟೊಂದು ಮಾರುಕಟ್ಟೆ ನಿನಗೆ ಯಾವತ್ತೂ ಇಷ್ಟವಿರಲಿಲ್ಲ.

ನಾನೀಗ ಅಂಗಡಿಗೆ ಹೋಗುವುದು ಕಡಿಮೆ. ತ್ವಾನ್‌ಗೆ ಹೂಗುಚ್ಛ ಕಟ್ಟಲು ಬರುವುದಿಲ್ಲ. ಮೊನ್ನೆ ಒಬ್ಬಳ ಹುಟ್ಟುಹಬ್ಬಕ್ಕೆ ಬಿಳಿ ಸೇವಂತಿಗೆ ಕಟ್ಟಿಕೊಟ್ಟು, "ಇದು ಹೆಣಕ್ಕೆ ಹಾಕೋ ಹೂವು!" ಎಂದು ಬೈಸಿಕೊಂಡು ಬಂದ. ಅದನ್ನು ಹೇಳುವಾಗ ಅವನಿಗೆ ನಗು, ನಾನೂ ನಗಬೇಕಿತ್ತು.

ಕಿಟಕಿಯ ಬಳಿ ಕೂತು ನಮ್ಮ ಹಾಸ್ಟೆಲ್ ನೆನೆಸಿಕೊಳ್ಳುತ್ತೇನೆ. ಕೋಣೆಗೆ ನಾಲ್ಕು ಮಂಚ, ಒಂದೇ ಒಲೆ, ನಾವು ಹುರಿದ ಮೀನಿನ ವಾಸನೆಗೆ ಕೆಳಗಿನ ಮಹಡಿಯವರು ಕದ ಬಡಿಯುತ್ತಿದ್ದದ್ದು. ಚಳಿಗೆ ನೀನು ನನ್ನ ಕಾಲುಗಳನ್ನು ನಿನ್ನ ಹೊಟ್ಟೆಗೆ ಒತ್ತಿಟ್ಟುಕೊಳ್ಳುತ್ತಿದ್ದೆ.

ಆ ಫೆಬ್ರುವರಿ ತಿಂಗಳೂ ನೆನಪಾಗುತ್ತದೆ. ನಾವಿಬ್ಬರೂ ಅದರ ಬಗ್ಗೆ ಎಂದೂ ಬರೆದುಕೊಂಡಿಲ್ಲ. ಆಫೀಸಿಗೆ ನಮ್ಮಿಬ್ಬರನ್ನೂ ಒಂದೇ ವಾರ ಕರೆದರು. ಹೊರದೇಶದಿಂದ ಕರಾರಿನ ಮೇಲೆ ಬಂದ ಬಸುರಿ ಕೆಲಸಗಾರ್ತಿಗೆ ಇಲ್ಲಿ ಜಾಗವಿಲ್ಲ ಎಂದರು. ಆಸ್ಪತ್ರೆಗೆ ಹೋಗಿ ತೆಗೆಸಿಕೊಳ್ಳುತ್ತೀಯೋ, ಊರಿಗೆ ವಿಮಾನ ಹತ್ತುತ್ತೀಯೋ? ನೀನು ವಿಮಾನ ಹತ್ತಿದೆ. ನಾನು ಆಸ್ಪತ್ರೆಗೆ ಹೋದೆ. ತ್ವಾನ್ ಗೇಟಿನ ಹೊರಗೆ ಕಾದಿದ್ದ, ಟ್ರಾಮಿನಲ್ಲಿ ಕರೆದುಕೊಂಡು ಬಂದ, ಒಂದು ಕಿತ್ತಳೆ ಸುಲಿದು ಕೊಟ್ಟ. ಅಲ್ಲಿಗೆ ಮುಗಿಯಿತು. ಇವತ್ತಿನವರೆಗೂ ನಾವು ಗಂಡಹೆಂಡಿರು ಅದನ್ನು ಆಡಿಲ್ಲ. ಮರುದಿನ ಹೊಲಿಗೆಗೆ ಕೂತಾಗ ಪಕ್ಕದ ಯಂತ್ರದಲ್ಲಿ ನೀನಿರಲಿಲ್ಲ.

ನಿನಗೆ ಮಗನಿದ್ದಾನೆ ಎಂದು ಎಷ್ಟೋ ಸಲ ಹೊಟ್ಟೆಕಿಚ್ಚುಪಟ್ಟಿದ್ದೇನೆ. ಇದನ್ನೂ ಬರೆದುಬಿಟ್ಟೆ.

ಏನಾದರೂ ಬರೆ. ಬೈದಾದರೂ ಬರೆ.

ನಿನ್ನ ಮಿಯೆನ್


ನಾಮ್ ದಿನ್ಹ್
28 ಆಗಸ್ಟ್ 2011

ಮಿಯೆನ್,

ನಾನು ಮಾರುಕಟ್ಟೆಗೆ ಹೋಗಿರಲಿಲ್ಲ. ಫೋನಿನ ಪಕ್ಕದಲ್ಲೇ ಕೂತಿದ್ದೆ. ಥಿನ್ ಕೈಯಲ್ಲಿ ಹಾಗೆ ಹೇಳಿಸಿದೆ.

ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದ್ದೆ. ಅದಕ್ಕೆ ಉತ್ತರ ಬರೆಯಲು ಕೂತು ಕೂತು ಇಷ್ಟು ತಿಂಗಳಾಯಿತು. ಮಧ್ಯೆ ಸಿಟ್ಟೂ ಇತ್ತು. ಈಗ ಸಿಟ್ಟಿಲ್ಲ, ಬೇಸಿಗೆಯ ಜೊತೆ ಇಳಿದುಹೋಯಿತು.

ನಾನು ಊರಿಗೆ ಬಂದ ವರ್ಷ ನೆನಪಿಸಿಕೋ. ಬಾಕ್ ಹುಟ್ಟಿದ ಮೇಲೆ ನಿನಗೆ ನಾಲ್ಕೈದು ಕಾಗದ ಬಂದಿದ್ದವು, ಅಕ್ಷರ ಬೇರೆ ಥರ ಇತ್ತು. "ಅಕ್ಕಾ, ಕೈಗೆ ಏನಾಯಿತು?" ಎಂದು ನೀನು ಕೇಳಿದ್ದೆ. ಕೈಗೆ ಏನೂ ಆಗಿರಲಿಲ್ಲ. ಅವನ್ನು ಬರೆದದ್ದು ಥಿನ್. ನಾನು ಆಗ ಆಸ್ಪತ್ರೆಯಲ್ಲಿದ್ದೆ, ನೀನು ಹೇಳುವ ಅಂಥ ಜಾಗದಲ್ಲಿ.

ಹೇಗಾಯಿತು ಎಂದು ಹೇಳುತ್ತೇನೆ. ಗಂಡನಿಲ್ಲದೆ ಬಸುರಾಗಿ ಪರದೇಶದಿಂದ ಬಂದವಳು. ಬಾಕ್‌ನ ಅಪ್ಪ ಅಲ್ಲೇ ಉಳಿದ, ಕಾಗದ ನಿಲ್ಲಿಸಿದ. ಬೀದಿಯವರು ನೋಡಲು ಬರುತ್ತಿದ್ದದ್ದು ಮಗುವನ್ನಲ್ಲ. ಮಗು ಅತ್ತರೆ ನನಗೆ ಅದು ದೂರದಲ್ಲೆಲ್ಲೋ ಬೇರೆ ಯಾರದೋ ಮನೆಯಲ್ಲಿ ಅತ್ತಂತೆ ಕೇಳುತ್ತಿತ್ತು. ನೀರಿನೊಳಗೆ ಕೂತವಳಿಗೆ ದಡದ ಮಾತು ಕೇಳಿಸಿದ ಹಾಗೆ ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಓದಿ ನನ್ನ ಮೈ ತಣ್ಣಗಾಯಿತು. ಒಂದು ಮಧ್ಯಾಹ್ನ ಮಗುವನ್ನು ಜಗಲಿಯಲ್ಲಿ ಮಲಗಿಸಿ, ನಾನು ಕೆರೆಯ ಕಡೆ ನಡೆದುಕೊಂಡು ಹೋದೆ. ಅಣ್ಣ ಹಿಂದೆ ಓಡಿ ಬಂದ. ಮರುದಿನ ಬಸ್ಸು ಹತ್ತಿಸಿದ.

ಅಲ್ಲಿ ನನ್ನನ್ನು ಯಾರೂ ಕಟ್ಟಿಹಾಕಲಿಲ್ಲ. ಕೆಲವರನ್ನು ಕಟ್ಟುತ್ತಿದ್ದರು, ಸುಳ್ಳು ಹೇಳುವುದಿಲ್ಲ; ಔಷಧಿಯೂ ಸಾಲದು, ಹೊದಿಕೆಯೂ ಸಾಲದು, ದೇಶವೇ ಹಸಿದಿದ್ದ ಕಾಲ. ಆದರೆ ಹಿತ್ತಲಲ್ಲಿ ನಾವು ನೀರುಸೊಪ್ಪು ಬೆಳೆಯುತ್ತಿದ್ದೆವು. ಪಕ್ಕದ ಮಂಚದ ಹೆಂಗಸು ದಿನಾ ನನ್ನ ತಲೆ ಬಾಚುತ್ತಿದ್ದಳು. ಅವಳು ಮಾತಾಡುತ್ತಿರಲಿಲ್ಲ, ಬಾಚುತ್ತಿದ್ದಳು ಅಷ್ಟೇ. ಚಳಿಗಾಲ ಮುಗಿಯುವ ಹೊತ್ತಿಗೆ ನನಗೆ ಮಗುವಿನ ಅಳು ಹತ್ತಿರದಿಂದ ಕೇಳಬೇಕೆನಿಸಿತು. ಮನೆಗೆ ಬಂದೆ. ಬಾಕ್ ನನ್ನನ್ನು ನೋಡಿ ಥಿನ್‌ಳ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡ. ಅವನು ನನ್ನವನಾಗಲು ಇನ್ನೊಂದು ವರ್ಷ ಬೇಕಾಯಿತು.

ಈಗಲೂ ಪ್ರತಿ ತಿಂಗಳು ಆ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತೇನೆ. ಮಗನಿಗೆ ಗೊತ್ತಿಲ್ಲ. ನೂಲು ತರಲು ಹೋಗುತ್ತೇನೆ ಎಂದು ಹೇಳುತ್ತೇನೆ. ಅದಕ್ಕೇ ನನ್ನ ಮನೆಯಲ್ಲಿ ಇಷ್ಟೊಂದು ನೂಲು.

ನಿನ್ನ ಪ್ರಶ್ನೆಗೆ ಉತ್ತರ: ಅಂಥ ತಾಯಿ ಥೋಮ್‌ಳ ಮನೆಯಲ್ಲಿಲ್ಲ, ಇಲ್ಲಿದ್ದಾಳೆ. ಕೊಡುವುದೋ ಬಿಡುವುದೋ ಅವರು ಹೇಳಬೇಕು.

ನಿನಗೆ ಹೋಗು ಎಂದು ನಾನು ಹೇಳುವುದಿಲ್ಲ. ಹೋಗಿ ಬಂದವಳೊಬ್ಬಳು ನಿನಗೆ ಗೊತ್ತಿದ್ದಾಳೆ, ಅವಳು ಮೀನು ಹುರಿಯುತ್ತಾಳೆ, ಬಟ್ಟೆ ಹೊಲಿಯುತ್ತಾಳೆ, ಜೋಕು ಹೇಳುತ್ತಾಳೆ, ಇಷ್ಟು ಕಾಲ ನಿನಗೆ ಕಾಗದ ಬರೆದಿದ್ದಾಳೆ ಎಂದಷ್ಟೇ ಹೇಳುತ್ತೇನೆ.

ಮತ್ತೆ, ನೀನು ನನ್ನ ಮಗನನ್ನು ನೋಡಿ ಹೊಟ್ಟೆಕಿಚ್ಚುಪಟ್ಟಾಗೆಲ್ಲ ನಾನು ನಿನ್ನ ಪಕ್ಕದಲ್ಲಿದ್ದ ಗಂಡನನ್ನು ನೆನೆದು ಪಟ್ಟಿದ್ದೇನೆ. ಸರಿಹೋಯಿತು ಬಿಡು.

ಲುವಾ


ಬರ್ಲಿನ್
16 ಅಕ್ಟೋಬರ್ 2011

ಅಕ್ಕಾ,

ನಿನ್ನ ಕಾಗದವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ನೀರು ತುಂಬಿದ ಬಕೆಟ್ಟುಗಳ ನಡುವೆ ಕೂತು ಓದಿದೆ. ಈ ವರ್ಷ ಮೊದಲ ಸಲ ಅಳು ಬಂತು. ನಾನು ನಿನಗೆ ಏನೆಲ್ಲ ಬರೆದೆ! ಸಾಯುವುದು ಮೇಲು ಎಂದು ಬರೆದೆ. ಅದನ್ನು ವಾಪಸು ತೆಗೆದುಕೊಳ್ಳಲು ಬರುವಂತಿದ್ದರೆ ಇಲ್ಲಿಂದ ನಡೆದುಕೊಂಡು ಬರುತ್ತಿದ್ದೆ. ನೀನು ಅಲ್ಲಿ ಸೊಪ್ಪು ಬೆಳೆಯುತ್ತಿದ್ದಾಗ ನಾನು ಇಲ್ಲಿ ಕೂತು, ಥಿನ್ ಬರೆದ ಕಾಗದಗಳಲ್ಲಿ ನಿನ್ನನ್ನು ಹುಡುಕುತ್ತಿದ್ದೆ. ಈಕೆ ಯಾಕೆ ತಣ್ಣಗಾದಳು, ನನ್ನನ್ನು ಮರೆತಳು ಎಂದುಕೊಂಡಿದ್ದೆ.

ನಾನು ಹೋದೆ. ಮರುವಾರವೇ ಉಯೆನ್ ಹೇಳಿದ ಆಸ್ಪತ್ರೆಗೆ ಹೋದೆ.

ತಲೆಗೆ ಸ್ಕಾರ್ಫು, ಕಣ್ಣಿಗೆ ಕಪ್ಪು ಕನ್ನಡಕ, ಉಯೆನ್ ದಾರಿಯುದ್ದಕ್ಕೂ "ಅಮ್ಮ, ನೀನು ಬ್ಯಾಂಕ್ ದೋಚೋಕ್ ಹೋಗೋಳ ಥರ ಕಾಣ್ತೀಯ" ಎಂದು ನಕ್ಕಳು. ಅವಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ. ಕಾಯುವ ಕೋಣೆಯಲ್ಲಿ ಯಾರು ಕೂತಿದ್ದರು ಗೊತ್ತಾ? ಬಾತುಕೋಳಿ ಸೆನ್ ಅಕ್ಕ! ನಮ್ಮವರ ಮಾರುಕಟ್ಟೆಯಲ್ಲಿ ಬಾತುಕೋಳಿ ಸುಟ್ಟು ಮಾರುತ್ತಾರಲ್ಲ, ಅವರು. ಯಾರ ಮನೆಯಲ್ಲಿ ಜಗಳ, ಯಾರ ಗಂಡ ಎಲ್ಲಿ ಎಲ್ಲ ಅವರ ಅಂಗಡಿಯಿಂದಲೇ ಹೊರಡುವುದು. ನಾನು ತಿರುಗಿ ಓಡುವಷ್ಟರಲ್ಲಿ ಕಂಡುಬಿಟ್ಟರು.

"ಅಯ್ಯೋ, ಮಿಯೆನ್! ನೀನೇನೇ ಇಲ್ಲಿ?"

"ನಾನು... ಉಯೆನ್‌ಗೆ ಪರೀಕ್ಷೆ ಬಂತಲ್ಲ, ತಲೆನೋವು ಅಂತಿದ್ಲು. ಕೇಳ್ಕೊಂಡ್ ಹೋಗೋಣ ಅಂತ. ನೀವು?"

"ನಾನಾ? ನಾನು ಪಕ್ಕದ್ಮನೆಯೋಳ ಜೊತೆ ಬಂದೆ. ಪಾಪ, ಅವಳಿಗೆ ಜರ್ಮನ್ ಬರಲ್ಲ."

ಕೋಣೆಯಲ್ಲಿ ನಾವಿಬ್ಬರು ಬಿಟ್ಟರೆ ಒಂದು ಮೀನಿನ ತೊಟ್ಟಿ ಇತ್ತು. ಇಬ್ಬರೂ ಮೀನು ನೋಡುತ್ತ ಕೂತೆವು. ಅಷ್ಟರಲ್ಲಿ ನರ್ಸು ಬಾಗಿಲು ತೆರೆದು ನಮ್ಮ ಭಾಷೆಯಲ್ಲೇ, "ಸೆನ್ ಅಕ್ಕ, ಬನ್ನಿ. ಹೊಸ ಮಾತ್ರೆ ಒಗ್ತಾ?" ಎಂದಳು.

ಸೆನ್ ಅಕ್ಕ ಕೈಚೀಲ ಎತ್ತಿಕೊಂಡು ಎದ್ದರು. "ಅವಳು ಇವತ್ ಬರ್ಲಿಲ್ಲ ನೋಡು. ಅವಳ ಬದಲು ನಾನೇ ಹೋಗ್ಬರ್ತೀನಿ."

ಹೊರಗೆ ಬಂದಾಗ ಅವರ ಕಣ್ಣು ಕೆಂಪಗಿತ್ತು. ಕೈಚೀಲದಿಂದ ಇನ್ನೂ ಬೆಚ್ಚಗಿದ್ದ ಪೊಟ್ಟಣವೊಂದನ್ನು ತೆಗೆದು ನನ್ನ ಮಡಿಲಲ್ಲಿಟ್ಟರು. "ನಿನ್ ಮಗಳಿಗೆ ಕೊಡು. ತಲೆನೋವಿಗೆ ಬಾತುಕೋಳಿ ಒಳ್ಳೇದು." ಬಾಗಿಲವರೆಗೆ ಹೋದವರು ತಿರುಗಿ, "ಹೆದರ್ಬೇಡ ಕಣೇ, ಇವ್ರು ಕಚ್ಚಲ್ಲ," ಎಂದು ಹೋದರು. ಇವತ್ತಿನವರೆಗೆ ಮಾರುಕಟ್ಟೆಯಲ್ಲಿ ಒಂದು ಪಿಸುಮಾತು ಹುಟ್ಟಿಲ್ಲ. ಆ ಬಾಯಿಯೂ ಮುಚ್ಚಿರಬಲ್ಲದು!

ಡಾಕ್ಟರು ಚಿಕ್ಕ ಹುಡುಗಿ, ಹೌ ಎಂದು ಹೆಸರು, ಇಲ್ಲೇ ಹುಟ್ಟಿದವಳು. ಅವಳ ಮಾತು ಅಜ್ಜಿಯ ಮಡಿಲಲ್ಲಿ ಕೂತು ಕಲಿತ ಮಾತು. ದೊಡ್ಡ ಪದಗಳಿಗೆ ತಡವರಿಸುತ್ತಾಳೆ, ನಾನೇ ತಿದ್ದಿದೆ. "ಚಿಕ್ಕಮ್ಮ, ಊಟ ಆಯ್ತಾ?" ಎಂದು ಶುರುಮಾಡಿದಳು. ಆಯ್ತು ಎಂದೆ. ಆಗಿರಲಿಲ್ಲ. ನಿದ್ದೆ ಕೇಳಿದಳು, ಎದೆಯ ಭಾರ ಕೇಳಿದಳು. ಇದು ಹುಚ್ಚಲ್ಲ, ಕಾಯಿಲೆ, ಇದಕ್ಕೊಂದು ಹೆಸರಿದೆ, ಔಷಧವೂ ಇದೆ ಎಂದಳು. ಎಷ್ಟು ಸಲ ಬಸುರಿಯಾಗಿದ್ದಿರಿ ಎಂದೂ ಕೇಳಿದಳು.

"ಒಂದು ಸಲ," ಎಂದೆ.

ಬಸ್ಸಿನಲ್ಲಿ ಬರುವಾಗ ಬೆರಳು ಮಡಚಿ ಎಣಿಸಿದೆ, ಒಂದಕ್ಕೆ ನಿಲ್ಲಲಿಲ್ಲ. ಮುಂದಿನ ಸಲ ಹೋದಾಗ, ಅವಳು ಬೇರೇನೋ ಕೇಳುತ್ತಿದ್ದಳು, ನಾನು ನಡುವೆ ಬಾಯಿ ಹಾಕಿ, "ಎರಡು," ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿದಳು. ಪೆನ್ನು ಮೇಜಿನ ಮೇಲಿಟ್ಟಳು. ನಾನು ಹೇಳಿದೆ. ಕಿತ್ತಳೆಯ ತನಕ ಎಲ್ಲ ಹೇಳಿದೆ.

ಈಗ ಸ್ವಲ್ಪ ನಿದ್ದೆ ಬರುತ್ತಿದೆ. ಮೂಟೆ ಇದೆ, ಆದರೆ ಆಗಾಗ ಕೆಳಗಿಡಬಹುದು.

ನೀನು ಪಕ್ಕದಲ್ಲಿದ್ದಿದ್ದರೆ.

ಮಿಯೆನ್


ನಾಮ್ ದಿನ್ಹ್
27 ನವೆಂಬರ್ 2011

ಹತ್ತಿ,

ಬಾತುಕೋಳಿಯ ಕಥೆಯನ್ನು ಮೂರು ಸಲ ಓದಿ ಮೂರು ಸಲವೂ ನಕ್ಕೆ. ಥಿನ್ ಏನೆಂದು ಕೇಳಿದಳು, ಅವಳಿಗೂ ಓದಿ ಹೇಳಿದೆ. ಅವಳು ನಗುತ್ತ ಅತ್ತಳು. ಇಷ್ಟು ವರ್ಷ ನನ್ನ ಗುಟ್ಟು ಹೊತ್ತು ಅವಳ ಹೆಗಲೂ ನೋಯುತ್ತಿರಬೇಕು, ನಾನು ಯೋಚಿಸಿಯೇ ಇರಲಿಲ್ಲ.

ಥೋಮ್‌ಳ ಅಪ್ಪ ಅಮ್ಮ ಬಂದಿದ್ದರು. ನನ್ನ ಕಮಲದ ಬೀಜದ ಪಾಯಸ ಮೆಚ್ಚಿದರು. ತಾಯಿ ಮನೆಯೆಲ್ಲ ನೋಡಿ, ಪಿತೃಗಳ ಪೀಠದ ಮುಂದೆ ನಿಂತು, ನಯವಾಗಿ ಕೇಳಿದಳು: "ನಿಮ್ಮ ಕಡೆ ಎಲ್ಲಾರೂ ಆರೋಗ್ಯವಾಗಿದೀರಲ್ವಾ? ವಂಶದಲ್ಲಿ ಏನೂ ಇಲ್ಲ ತಾನೇ?" ನಾನು "ಎಲ್ಲಾ ಆರೋಗ್ಯ" ಎಂದೆ. ಥಿನ್ ಒಳಗೆ ಪಾತ್ರೆ ಕೆಳಗೆ ಬೀಳಿಸಿದಳು. ಹಳೆಯ ವರ್ಷ ಕಳೆದು ಟೆಟ್ ಹಬ್ಬವಾದ ಮೇಲೆ ನಿಶ್ಚಿತಾರ್ಥದ ತಟ್ಟೆಗಳನ್ನು ಕಳಿಸುವುದೆಂದು ಮಾತಾಯಿತು.

ನೀನು ಪರದೇಶದಲ್ಲಿ ಬಾಯಿ ಬಿಟ್ಟೆ. ನನಗೆ ನನ್ನ ಮನೆಯ ಜಗಲಿಯಲ್ಲಿ ಧೈರ್ಯವಾಗಲಿಲ್ಲ.

ಮೊನ್ನೆ ಮಾತ್ರೆ ತರಲು ಹೋಗಿದ್ದೆ. ಆ ಹೊರ ಜಗಲಿಯಲ್ಲಿ ಒಂದು ಉದ್ದನೆಯ ಬೆಂಚು ಇದೆ. ಎಲ್ಲರ ಜೊತೆಗೂ ಯಾರಾದರೊಬ್ಬರು ಬಂದಿರುತ್ತಾರೆ: ಗಂಡ, ಮಗಳು, ಅಮ್ಮ. ರೊಟ್ಟಿ ಮುರಿದು ಕೊಡುತ್ತಾರೆ, ಬೀಸಣಿಗೆ ಬೀಸುತ್ತಾರೆ, ಜಗಳವನ್ನೂ ಆಡುತ್ತಾರೆ. ನಾನು ಯಾವಾಗಲೂ ತುದಿಯಲ್ಲಿ ಕೂರುತ್ತೇನೆ, ಯಾರಿಗೋ ಕಾಯುತ್ತಿರುವವಳ ಹಾಗೆ ದಾರಿಯ ಕಡೆ ಮುಖ ಮಾಡಿ. ಈ ಸಲ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೆ, ಮನಸ್ಸಿನಲ್ಲೇ. ನೀನು ಬಾಯಿ ಮುಚ್ಚದೆ ಮಾತಾಡಿದೆ.

ಚಳಿ ಶುರುವಾಗಿದೆ. ಅಲ್ಲಿ ಹಿಮ ಬಿತ್ತಾ?

ರೇಷ್ಮೆ


ಬರ್ಲಿನ್
8 ಜನವರಿ 2012

ಅಕ್ಕಾ,

ಬೆಂಚಿನ ವಿಷಯ ಓದಿದ ದಿನ ನಾನು ತ್ವಾನ್‌ಗೆ ಹೇಳಿದೆ, "ನಾನು ಊರಿಗೆ ಹೋಗ್ತೀನಿ. ಲುವಾ ಅಕ್ಕನ್ನ ನೋಡ್ಬೇಕು." ಅವನು ವಾದ ಮಾಡಲಿಲ್ಲ. ಅವನ ವಿಷಯವನ್ನೂ ಹೇಳಬೇಕು.

ಮೊದಮೊದಲು ನಾನು ಆಸ್ಪತ್ರೆಗೆ ಹೋಗುವ ದಿನ ಅವನು ಮುಖ ತಿರುಗಿಸಿ ಹೂದಾನಿ ತೊಳೆಯುತ್ತಿದ್ದ. ಒಂದು ದಿನ ಮಳೆಯಿತ್ತು, ವ್ಯಾನಿನಲ್ಲಿ ಬಿಡುತ್ತೇನೆ ಎಂದ. ಎರಡು ಬೀದಿ ಆಚೆಯೇ ನಿಲ್ಲಿಸಿದ, ಅಂಗಡಿಯ ಹೆಸರು ವ್ಯಾನಿನ ಮೇಲೆ ದೊಡ್ಡದಾಗಿ ಬರೆದಿದೆಯಲ್ಲ ಅದಕ್ಕೆ. ಆಮೇಲೆ ಒಂದು ಬೀದಿ ಆಚೆ. ಕ್ರಿಸ್‌ಮಸ್ ಮುಂಚಿನ ವಾರ, ನೋಡಿದರೆ, ನೇರ ಬಾಗಿಲ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದ. ನಾನು ಇಳಿಯಲು ಹೋದೆ. ಅವನು ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು, ಮುಂದಿನ ಗಾಜನ್ನೇ ನೋಡುತ್ತ ಹೇಳಿದ:

"ಇದ್ದಿದ್ರೆ ಲುವಾ ಮಗನ ವಯಸ್ಸೇ ಆಗ್ತಿತ್ತು. ಅಲ್ವಾ?"

ಅಷ್ಟು ವರ್ಷ ಅವನೂ ಎಣಿಸುತ್ತಲೇ ಇದ್ದ ಅಕ್ಕಾ. ನಾನು ಒಬ್ಬಳೇ ಎಂದುಕೊಂಡಿದ್ದೆ. ನಿನ್ನ ಬಾಕ್‌ನ ಫೋಟೋ ಬಂದಾಗೆಲ್ಲ ಅವನು ಅದನ್ನು ಸುಮ್ಮನೆ ಮೇಜಿನ ಮೇಲೆ ಬಿಟ್ಟು ಎದ್ದು ಹೋಗುತ್ತಿದ್ದದ್ದು ಯಾಕೆ ಎಂದು ಈಗ ತಿಳಿಯಿತು. ನಾವಿಬ್ಬರೂ ವ್ಯಾನಿನಲ್ಲೇ ಕೂತುಬಿಟ್ಟೆವು. ಡಾಕ್ಟರಿಗೆ ತಡವಾಯಿತು. ಹೌ ಬೈಯಲಿಲ್ಲ. "ಚಿಕ್ಕಪ್ಪನೂ ಒಳಗೆ ಬರ್ತಾರಾ?" ಎಂದಳು. ಅವನು ಬರಲಿಲ್ಲ. ಆದರೆ ಕಾಯುವ ಕೋಣೆಯವರೆಗೆ ಬಂದು ಮೀನು ನೋಡುತ್ತ ಕೂತ.

ಪ್ರೇಮಿಗಳ ದಿನದ ಗಲಾಟೆ, ಆಮೇಲೆ ಮಾರ್ಚ್ ಎಂಟರ ಹೆಂಗಸರ ದಿನದ ಗಲಾಟೆ ಮುಗಿಸಿ, ಮಾರ್ಚ್ ನಡುವಿನಲ್ಲಿ ಹೊರಡುತ್ತೇನೆ. ಒಬ್ಬಳೇ ಬರುತ್ತೇನೆ. ಪಗೋಡ, ಸಮುದ್ರ, ನೆಂಟರ ಮನೆ ಯಾವುದೂ ಬೇಡ. ನೀನು ಮಾತ್ರೆ ತರಲು ಹೋಗುವ ದಿನ ನನ್ನನ್ನೂ ಕರೆದುಕೊಂಡು ಹೋಗು. ಆ ಬೆಂಚಿನ ಮೇಲೆ ನಿನ್ನ ಪಕ್ಕದಲ್ಲಿ ನಾನು ನಿಜವಾಗಿ ಕೂರಬೇಕು.

ನೀನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಇಬ್ಬರೂ ನೂಲು ತರಲು ಹೋಗುತ್ತಿದ್ದೇವೆ ಎಂದರಾಯಿತು.

ನಿನ್ನನ್ನು ನೋಡಲು ಕಾದಿರುವ,
ಮಿಯೆನ್


ನಾಮ್ ದಿನ್ಹ್
19 ಫೆಬ್ರುವರಿ 2012

ಮಿಯೆನ್,

ಟೆಟ್ ಹಬ್ಬಕ್ಕೆ ಬಾಕ್ ಬಂದಿದ್ದ. ಹೊಸ ವರ್ಷದ ಮೂರನೆಯ ಬೆಳಗ್ಗೆ ಅವನು ಅಂಗಳದಲ್ಲಿ ಮೋಟಾರು ಸೈಕಲ್ ತೊಳೆಯುತ್ತಿದ್ದಾಗ ಆಸ್ಪತ್ರೆಯ ವಿಷಯವೆಲ್ಲ ಹೇಳಿದೆ. ನೂಲು ನೂಲೆಂದು ಹೇಳುತ್ತ ಹೇಳುತ್ತ ಸಾಕಾಗಿತ್ತು. ಅವನು ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ನಿಂತ. ಸಿಟ್ಟು ಬಂತು ಅವನಿಗೆ. ಆಸ್ಪತ್ರೆಗೆ ಹೋದದ್ದಕ್ಕಲ್ಲ.

"ಅಷ್ಟು ದೂರ ಬಸ್ಸಲ್ಲಿ ಒಬ್ಳೇ ಹೋಗ್ತಿದ್ಯಾ? ನಂಗ್ ಗಾಡಿ ಇದೆ! ನಂಗ್ ಕೈಕಾಲಿಲ್ವಾ?"

ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ನಾನು ಕೆರೆಯ ಕಡೆ ಹೋದ ಮಧ್ಯಾಹ್ನದ ಬಗ್ಗೆ ಕೇಳಿದ. ಹೇಳಿದೆ. ಅವನು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಚಿಕ್ಕವನಿದ್ದಾಗಲೂ ಹಾಗೆ ಮಲಗಿದವನಲ್ಲ.

ಥೋಮ್‌ಗೆ ಅವನೇ ಹೇಳಿದ. ಅವಳ ತಾಯಿಗೆ ನಾನೇ ಹೋಗಿ ಹೇಳಿದೆ. ಅವತ್ತು ಸುಳ್ಳು ಹೇಳಿದೆ, ಮನ್ನಿಸಿ ಎಂದೆ. ಅವಳು ಟೀ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಯೋಚ್ನೆ ಮಾಡಿ ಹೇಳ್ತೀವಿ" ಎಂದಳು. ಇನ್ನೂ ಹೇಳಿಲ್ಲ. ಹುಡುಗಿ ಮಾತ್ರ ಮೊದಲಿನ ಹಾಗೆಯೇ ಬಾಕ್‌ಗೆ ಫೋನ್ ಮಾಡುತ್ತಾಳೆ, ನನ್ನ ಕೈಗೂ ಕೊಡಿಸಿಕೊಂಡು ಮಾತಾಡುತ್ತಾಳೆ. ಏನಾಗುತ್ತದೋ ನನಗೆ ಗೊತ್ತಿಲ್ಲ. ನನ್ನಿಂದ ಆ ಮದುವೆ ಮುರಿದರೆ ನಾನು ಹೇಗೆ ತಾಳಿಕೊಳ್ಳುತ್ತೇನೋ ಅದೂ ಗೊತ್ತಿಲ್ಲ. ಆದರೂ ಹೇಳಿದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ನಿನಗೆ ಮಂಚ ಸಿದ್ಧವಾಗಿದೆ. ಹೊಸ ಹತ್ತಿಯ ರಜಾಯಿ ಹೊಲಿದಿದ್ದೇನೆ. ನಿನ್ನೆ ಅದನ್ನು ಬಿಸಿಲಿಗೆ ಹಾಕುತ್ತಿದ್ದಾಗ ಪಕ್ಕದ ಮನೆಯ ಮಾನ್ ಅಜ್ಜಿ ಎಲೆಅಡಿಕೆ ಮೆಲ್ಲುತ್ತ ಬೇಲಿಯ ಹತ್ತಿರ ಬಂದಳು. ಬೀದಿಯ ಸುದ್ದಿಯೆಲ್ಲ ಆ ಬೇಲಿ ದಾಟಿಯೇ ಹೋಗಬೇಕು.

"ಯಾರೇ ಬರ್ತಿರೋದು?"

"ನನ್ ಗೆಳತಿ. ಜರ್ಮನಿಯಿಂದ."

"ಓಹೋ! ಅಷ್ಟ್ ದೂರದಿಂದ ಬರೋಳಿಗೆ ಏನೇನ್ ತೋರಿಸ್ತೀಯ? ಮೊದ್ಲು ಪಗೋಡಕ್ಕ್ ಕರ್ಕೊಂಡ್ ಹೋಗು."

"ಮೊದ್ಲು ಹುಚ್ಚಾಸ್ಪತ್ರೆಗೆ," ಎಂದೆ.

ಅಜ್ಜಿಗೆ ನಗು ತಡೆಯಲಾಗಲಿಲ್ಲ, ಅಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮಿದಳು. ನಾನೂ ನಕ್ಕೆ. ಆಮೇಲೆ ಹೇಳಿದೆ, "ತಮಾಷೆ ಅಲ್ಲ ಅಜ್ಜಿ. ನಾನು ಅಲ್ಲಿ ರೋಗಿ. ತಿಂಗಳು ತಿಂಗಳು ಹೋಗ್ತೀನಿ. ಅವಳಿಗೂ ಅದೇ ಕಾಯಿಲೆ. ಇಬ್ರೂ ಜೊತೇಲಿ ಹೋಗ್ತೀವಿ."

ಅಜ್ಜಿ ನನ್ನ ಮುಖವನ್ನೇ ನೋಡಿದಳು. ನಾನು ರಜಾಯಿಯ ಅಂಚು ನೇರ ಮಾಡುತ್ತ ಕಾದೆ. ಕೆಂಪು ಉಗುಳಿ, ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, ಬೀದಿಯ ಆ ಕಡೆ ಈ ಕಡೆ ಒಮ್ಮೆ ಕಣ್ಣಾಡಿಸಿ, ಬೇಲಿಯ ಮೇಲೆ ಬಗ್ಗಿದಳು.

"ನನ್ ಸೊಸೆ ಹೆರಿಗೆ ಆದಾಗಿಂದ ಗೋಡೆ ಕಡೆ ಮುಖ ಮಾಡ್ಕೊಂಡೇ ಮಲಗಿರ್ತಾಳೆ ಕಣೇ," ಎಂದಳು ಮೆಲ್ಲಗೆ. "ಯಾವ್ ಬಸ್ಸು ಅದು?"

ಬಸ್ಸು ಹೇಳಿಕೊಟ್ಟೆ. ನೀನು ಬಂದ ಮೇಲೆ ನಾಲ್ಕು ಜನ ಹೋಗುತ್ತೇವೆ.

ಬೇಗ ಬಾ.

ಲುವಾ